ಅಕ್ಕನ ಸಹಿ

ನಾಸಿಕದ ಅಂಬಡ್‌ನಲ್ಲಿ ನಮ್ಮ ಶೆಡ್, ಛತ್ರಪತಿ ಸಂಭಾಜಿನಗರದಲ್ಲಿ ಅಕ್ಕನ ಮನೆ. ಭಾವ ಅಲ್ಲಿನ ವಾಳೂಜಿನಲ್ಲಿ ಕಲಿತ ಕೆಲಸದಿಂದಲೇ ನಮ್ಮ ಎಲ್‌ಎಲ್‌ಪಿ ಶುರುವಾಗಿದ್ದು: ಬೈಕ್ ಎಂಜಿನ್ನಿನ ಬಿಡಿಭಾಗ. ಅವರು ತೀರಿಕೊಂಡ ಮೇಲೆ ಅಕ್ಕ ಪಾಲುದಾರಳಾದಳು. ಕಳೆದ ವರ್ಷ ಆರ್ಡರ್ ಇಳಿದವು. ದ್ರಾಕ್ಷಿ ಪ್ಯಾಕಿಂಗಿಗೆ ಹೊರಳಬೇಕೆಂದುಕೊಂಡೆ.

ನಾನೂ ಹೆಂಡತಿಯೂ ಸೇರಿದರೆ ಮೂವರಲ್ಲಿ ಇಬ್ಬರು. ಕರಾರು ತಿದ್ದಿ, 30 ದಿನದೊಳಗೆ ಫಾರಂ 3 ಸಲ್ಲಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಸಿಎ ತಡೆದರು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 2008ರ ಎಲ್‌ಎಲ್‌ಪಿ ಕಾಯ್ದೆಯ ಮೊದಲ ಅನುಸೂಚಿಯೇ ಅನ್ವಯ: ದಿನದ ವಿಷಯಗಳಿಗೆ ಬಹುಮತ ಸಾಕು, ವ್ಯವಹಾರದ ಸ್ವರೂಪ ಬದಲಿಸಲು ಎಲ್ಲ ಪಾಲುದಾರರೂ ಒಪ್ಪಬೇಕು. ಕಂಪನಿಯಾಗಿದ್ದರೆ ನಾಲ್ಕರಲ್ಲಿ ಮೂರು ಪಾಲು ಮತದ ವಿಶೇಷ ನಿರ್ಣಯದಿಂದ ಸಾಗುತ್ತಿತ್ತು.

ಅಕ್ಕನ ಮುಂದೆ ವಿಪ್ರೋ ಕಥೆ ತೆಗೆದೆ. ಜಳಗಾಂವ್ ಜಿಲ್ಲೆಯ ಅಮಳನೇರಿನಲ್ಲಿ 1945ರಲ್ಲಿ ವನಸ್ಪತಿಗೆಂದು ಹುಟ್ಟಿದ ಕಂಪನಿ ಇವತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುತ್ತದಲ್ಲ ಎಂದೆ.

"ಅದು ಖರೇ. ನಮ್ಮ ಲೇಥ್ ನಡಸೋ ನಾಕು ಮಂದಿ ಏನ್ ಮಾಡಬೇಕೋ ತಮ್ಮಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಗದ ಮಡಚಿಕೊಂಡು ನಾಸಿಕಕ್ಕೆ ಮರಳಿದೆ.

ಎರಡನೆಯ ಸಲ ಹೋದಾಗ ಹಳೆಯ ಸಾಲನ್ನು ಅಳಿಸಿರಲಿಲ್ಲ. ಪ್ಯಾಕಿಂಗನ್ನು ಸೇರಿಸಿ, ಅದರ ಯಂತ್ರಗಳ ರಿಪೇರಿಯನ್ನೂ ಬರೆದಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿಸಿದಳು, ಸಹಿ ಮಾಡಿದಳು.

ನಾಲ್ವರಲ್ಲಿ ಇಬ್ಬರು ರಿಪೇರಿ ಕಲಿತು ಉಳಿದರು. ಇಬ್ಬರು ಹೋದರು. ಅವರ ಹೆಸರು ಹೇಳಿ ಅಕ್ಕ ಈಗಲೂ ಫೋನಿನಲ್ಲಿ ಕೇಳುತ್ತಾಳೆ.