ತಾಮ್ರದ ದೌತಿ

ಹಳೆಯ ವಸ್ತುಗಳ ಹುಚ್ಚು ಹಿಡಿದವರಲ್ಲಿ ಮೇಜಿನ ಮೇಲಿನ ತಾಮ್ರದ ಸಾಮಾನುಗಳ ಬೆನ್ನು ಹತ್ತಿದವನ ಪಾಡು ವಿಚಿತ್ರವಾದುದು. ಅವನು ಹುಡುಕುವುದು ದೌತಿ, ಲೆಕ್ಕಣಿಕೆಯ ಪೆಟ್ಟಿಗೆ, ಬರೆದುದು ಒಣಗಲೆಂದು ಉದುರಿಸುವ ಮರಳಿನ ಡಬ್ಬಿ. ಅಲೆಯುವುದು ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಗೆ. ಆದರೆ ಅಲ್ಲಿಯ ಹಳೆಯ ಮನೆಗಳಲ್ಲಿ ಮೇಜಾದರೂ ಎಲ್ಲಿತ್ತು? ಕುಲಕರ್ಣಿಯು ಗೋಡೆಗೊರಗಿ ಕುಳಿತು, ಇಳಿಜಾರು ಮುಚ್ಚಳದ ಪೆಟ್ಟಿಗೆಯ ಮೇಲೆ ದಫ್ತರ ಬಿಚ್ಚಿ, ಊರ ಭೂಮಿಯನ್ನೆಲ್ಲ ಆ ಗೇಣಗಲದ ಜಾಗದಲ್ಲಿಯೇ ಅಳೆದುಬಿಡುತ್ತಿದ್ದ. ಪಕ್ಕದ ದೌತಿಯಲ್ಲಿ ಅದ್ದಿದ ಲೆಕ್ಕಣಿಕೆಯ ಒಂದು ಗೀಟಿಗೆ ರೈತನ ಎದೆ ನಡುಗುತ್ತಿತ್ತು.

ತಾಮ್ರವು ಬಡಿದಷ್ಟೂ ಬಿರುಸಾಗುವ ಲೋಹ. ನಡುನಡುವೆ ಕೆಂಪಗೆ ಕಾಯಿಸಿ ಮೆದುಮಾಡದಿದ್ದರೆ ಸೀಳಿಹೋಗುತ್ತದೆ. ಹೀಗೆ ಬಡಿದು, ಕಾಯಿಸಿ, ಮತ್ತೆ ಬಡಿದು ಎಬ್ಬಿಸಿದ ಪಾತ್ರೆಯ ಮೇಲಿನ ಸುತ್ತಿಗೆಯ ಗುರುತುಗಳು ಒಂದರಂತೆ ಇನ್ನೊಂದಿರುವುದಿಲ್ಲ. ಅಚ್ಚಿನಲ್ಲಿ ಒತ್ತಿದ ಮಾಲಿನಲ್ಲಾದರೋ ಅವು ಅವಳಿಜವಳಿ ಮಕ್ಕಳು. ಆದುದರಿಂದಲೇ ಬಲ್ಲವನು ಹೊಳಪಿಗೆ ಮರುಳಾಗದೆ ಒಳಗೆ ಬೆರಳಾಡಿಸಿ ನೋಡುತ್ತಾನೆ. ಹೊಳಪಿಗೇನು, ಹುಣಸೆಹಣ್ಣು ಸಾಕು! ಆದರೆ ನೂರು ವರ್ಷಗಳಲ್ಲಿ ಏರಿದ ಕಂದುಬಣ್ಣ ಅದೇ ಹುಣಸೆಹಣ್ಣಿನಿಂದ ಒಂದು ಗಳಿಗೆಯಲ್ಲಿ ಇಳಿದುಹೋಗುತ್ತದೆ. ನೆರೆಯ ಬೀದರಿನ ಬಿದರಿ ಕಲಮದಾನಿಗೆ ವಸ್ತುಸಂಗ್ರಹಾಲಯದ ಗಾಜಿನ ಕಪಾಟು ದೊರೆಯಿತು. ಅದರಲ್ಲಿ ಬಹುಪಾಲು ಸತು, ತಾಮ್ರ ಅತ್ಯಲ್ಪ. ಹಳ್ಳಿಯ ಅಪ್ಪಟ ತಾಮ್ರಕ್ಕೆ ದೊರೆತುದು ಗುಜರಿಯವನ ತಕ್ಕಡಿ.

1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಕುಲಕರ್ಣಿಕೆಯೂ ಕೊನೆಗಂಡಿತು. ಅಧಿಕಾರ ಹೋಯಿತು, ದೌತಿ ಮಾಡದಲ್ಲಿ ಉಳಿಯಿತು.

ಅಂತಹ ಮನೆಯೊಂದರಲ್ಲಿ ಸಂಗ್ರಾಹಕನು ದೌತಿಯನ್ನು ಬೆಳಕಿಗೆ ಹಿಡಿದು, ಎಷ್ಟು ಚಂದ ಎಂದು ಉದ್ಗರಿಸುತ್ತಾನೆ. ಮನೆಯ ಮುದುಕಿ ಬೆಲೆ ಹೇಳಲೊಲ್ಲಳು: “ಮುತ್ಯಾ ಹಿಡದ ಸಾಮಾನರೀ ಅದು, ತೂಕಕ್ಕ ಹ್ಯಾಂಗ ಕೊಡಲಿ?” ಕಟ್ಟೆಯ ಮೇಲೆ ಕುಳಿತ ನೆರೆಯವನು ತಲೆಯೆತ್ತದೆ ಹೇಳುತ್ತಾನೆ: “ಚಂದ ಏನ್ ಬಂತರೀ? ಅದರಾಗಿನ ಮಸಿಗೇ ನಮ್ಮ ಮುತ್ಯಾನ ಹೊಲ ಹೋತು.”

ಮುದುಕಿ ಸುಮ್ಮನಾಗುತ್ತಾಳೆ. ಆಮೇಲೆ ಬೆಲೆ ಕುದುರುವುದು ತಡವಾಗುವುದಿಲ್ಲ.

ಪಟ್ಟಣದ ಮನೆಯಲ್ಲಿ ಈಗ ದೌತಿಗೆ ಮೇಜಿನ ಭಾಗ್ಯ ಬಂದಿದೆ. ಬಂದವರಿಗೆ ಅವನು ಸುತ್ತಿಗೆಯ ಗುರುತುಗಳನ್ನು ತೋರಿಸುತ್ತಾನೆ. ಹೊಲದ ಮಾತನ್ನು ಒಮ್ಮೊಮ್ಮೆ ಹೇಳುತ್ತಾನೆ, ಒಮ್ಮೊಮ್ಮೆ ನುಂಗಿಕೊಳ್ಳುತ್ತಾನೆ. ತಳದಲ್ಲಿ ಕರಿಯ ಹೆಪ್ಪು ಗಟ್ಟಿಯಾಗಿ ಕುಳಿತಿದೆ. ಕಾಡಿಗೆ, ಗೋಂದುಗಳ ಮಸಿ ಅದು. ನಾಲ್ಕು ಹನಿ ನೀರು ಬಿಟ್ಟರೆ ಇಂದಿಗೂ ಬೆರಳಿಗೆ ಹತ್ತುತ್ತದೆ.