ಅಲಾಸ್ಕದ ಕಡಲಹಾದಿ: ನಡೆಯುವವರಿಗೆ ಒಗ್ಗುವುದೆ?

ಬೆಟ್ಟವನ್ನು ಕಾಲಿನಿಂದ ಅಳೆದಲ್ಲದೆ ಅದನ್ನು ನೋಡಿದಂತಾಗದೆಂದು ನಂಬಿದ ಪ್ರವಾಸಿಗರ ಒಂದು ಪಂಗಡವು ಎಲ್ಲ ಊರುಗಳಲ್ಲಿಯೂ ಇರುವುದು. ಕುಮಾರಪರ್ವತವನ್ನೋ ಕೊಡಚಾದ್ರಿಯನ್ನೋ ಹತ್ತಿಳಿದು, ಕಾಲಿಗೆ ಜಿಗಣೆಗಳನ್ನು ಹತ್ತಿಸಿಕೊಂಡು ಮನೆಗೆ ಬಂದು, ಅದನ್ನೇ ಪರಮಸುಖವೆಂದು ವರ್ಣಿಸುವ ಜನರಿವರು. ಈ ಪಂಗಡದಲ್ಲಿ ನಮ್ಮನ್ನೂ ಸೇರಿಸಿಕೊಂಡರೆ ನಮ್ಮ ಅಭ್ಯಂತರವಿಲ್ಲ. ಇಂತಹವರ ಮುಂದೆ ಹಡಗಿನ ವಿಹಾರಯಾತ್ರೆಯ ಮಾತನ್ನೆತ್ತಿದರೆ ಮುಖ ಸಿಂಡರಿಸುವರು. ಉಣ್ಣುವುದು, ಮಲಗುವುದು, ನಡುನಡುವೆ ಕಿಟಕಿಯಲ್ಲಿ ಇಣಿಕಿ ನೋಡುವುದು, ಇದೂ ಒಂದು ಪ್ರವಾಸವೇ ಎಂದು ಕೇಳುವರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರವನ್ನು ಹೇಳುವ ಮೊದಲು ಎಲ್ಲಿಯ ಹಡಗು, ಯಾರೊಡನೆ ಪ್ರಯಾಣ ಎಂಬೆರಡು ಸಂಗತಿಗಳನ್ನು ವಿಚಾರಿಸಬೇಕೆಂದು ನಮಗೆ ತೋರುವುದು.

ಈ ವಿಚಾರವು ನಮ್ಮ ವಾಚಕರಿಗೆ ದೂರದ್ದೆಂದು ಹೇಳುವಂತಿಲ್ಲ. ಅಮೆರಿಕದ ಪಶ್ಚಿಮತೀರದ ಊರುಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳನ್ನು ನೋಡಲು ಬೇಸಗೆಯಲ್ಲಿ ಹೋಗುವ ತಂದೆತಾಯಿಗಳು ನಮ್ಮ ನಾಡಿನಲ್ಲಿ ಈಗ ಅನೇಕರು. ಮಕ್ಕಳು ಅವರನ್ನು ಕರೆದುಕೊಂಡು ಹೋಗಲೆಳಸುವ ಸ್ಥಳಗಳಲ್ಲಿ ಅಲಾಸ್ಕದ ಹಿಮನದಿಗಳೂ ಒಂದು. ಕಳೆದ ಜುಲೈ ತಿಂಗಳಿನಲ್ಲಿ ನಮಗೂ ಇದೇ ಕರೆ ಬಂದಿತು. ನಮ್ಮ ಪರಿವಾರದಲ್ಲಿ ಐವರು: ನಾವು, ನಮ್ಮ ಮನೆಯವರು, ಸಿಯಾಟಲಿನಲ್ಲಿರುವ ಮಗಳು, ಅಳಿಯಂದಿರು, ಹತ್ತು ವರ್ಷದ ಮೊಮ್ಮಗ. ಅಳಿಯಂದಿರು ಭಾನುವಾರ ಬಂದಿತೆಂದರೆ ಯಾವುದಾದರೊಂದು ಶಿಖರದ ಮೇಲಿರುವವರು. ನಮ್ಮ ಮನೆಯವರಿಗಾದರೋ ಮೊಣಕಾಲಿನ ಬೇನೆ. ಮೆಟ್ಟಲುಗಳನ್ನು ಹತ್ತಕೂಡದೆಂದು ವೈದ್ಯರು ವಿಧಿಸಿ ಹಲವು ವರ್ಷಗಳಾದುವು. ನಾವು ಕೊಡಚಾದ್ರಿಗೆ ಹೋದಾಗಲೆಲ್ಲ ಅವರು ಕೊಲ್ಲೂರಿನಲ್ಲಿಯೇ ಉಳಿದು ದೇವಿಯ ದರ್ಶನವನ್ನು ಮಾಡಿಕೊಂಡು ನಮ್ಮ ದಾರಿಯನ್ನು ಕಾಯುತ್ತಿದ್ದರು. ಇಷ್ಟು ದೂರದ ಪ್ರಯಾಣ ಅವರಿಂದ ಮತ್ತೊಮ್ಮೆ ಆಗಲಾರದೆಂಬುದು ನಮ್ಮೆಲ್ಲರಿಗೂ ತಿಳಿದಿದ್ದಿತು. ಯಾರೂ ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ.

ಅಲಾಸ್ಕದ ಆಗ್ನೇಯಭಾಗವು ಒಂದು ವಿಚಿತ್ರವಾದ ಪ್ರದೇಶ. ಕಡಲಿನಿಂದ ನೆಟ್ಟಗೆ ಎದ್ದ ಹಿಮಪರ್ವತಗಳು ಒಂದು ಕಡೆ, ಸಾವಿರಾರು ದ್ವೀಪಗಳು ಮತ್ತೊಂದು ಕಡೆ. ಇವೆರಡರ ನಡುವೆ ಹೊಳೆಯಂತೆ ಹರಿದಾಡುವ ಕಡಲು. ಇದನ್ನೇ ಒಳಹಾದಿಯೆಂದು ಕರೆಯುವರು. ಆ ಪ್ರಾಂತದ ರಾಜಧಾನಿಯಾದ ಜೂನೋ ನಗರಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೆ ವಿಮಾನದಲ್ಲಿ ಬರಬೇಕು. ಆದುದರಿಂದ ಬೇರೆ ಕಡೆಗಳಲ್ಲಿ ಹಡಗಿನ ವಿಹಾರವು ಬರಿಯ ಭೋಗವಾಗಿರಬಹುದು, ಇಲ್ಲಿ ಅದು ನಾಡಿನ ಹೆದ್ದಾರಿಯೇ ಆಗಿರುವುದು. ಕಾಲುನಡಿಗೆಯ ಅಭಿಮಾನಿಗಳು ಇದನ್ನು ಮರೆಯಬಾರದು.

ಹಾಗಾದರೂ ಲೆಕ್ಕವೆಂಬುದು ಲೆಕ್ಕವೇ. ವ್ಯಾಂಕೂವರಿನಿಂದ ಹೊರಟು ಅಲ್ಲಿಗೇ ಮರಳುವ ಏಳು ದಿನಗಳ ಯಾತ್ರೆ ನಮ್ಮದು. ಒಟ್ಟು ೧೬೮ ಗಂಟೆಗಳು. ಇದರಲ್ಲಿ ಹಡಗು ದಡಕ್ಕೆ ಕಟ್ಟಿ ನಿಲ್ಲುವ ಕಾಲವನ್ನು ಅಳಿಯಂದಿರು ಕಾಗದದ ಮೇಲೆ ಕೂಡಿದರು: ಜೂನೋದಲ್ಲಿ ೯, ಸ್ಕ್ಯಾಗ್ವೇಯಲ್ಲಿ ೧೩, ಕೆಚಿಕಾನಿನಲ್ಲಿ ೭, ಅಂತು ೨೯ ಗಂಟೆಗಳು. ಹಡಗು ಹೊರಡುವುದಕ್ಕೆ ಅರ್ಧಗಂಟೆ ಮುಂಚೆಯೇ ಹತ್ತಿರಬೇಕಾದುದರಿಂದ ಅದರಲ್ಲಿಯೂ ಕಳೆಯುವುದುಂಟು. ಮಿಕ್ಕ ಕಾಲವೆಲ್ಲ ನೀರಿನ ಮೇಲೆ. ಎರಡು ಸಾವಿರ ಜನರನ್ನು ಹೊತ್ತ ಆ ಹಡಗಿನ ಡೆಕ್ಕನ್ನು ಮೂರು ಸಾರಿ ಸುತ್ತಿದರೆ ಒಂದು ಮೈಲಿಯಾಗುತ್ತಿದ್ದಿತು. ಮೊದಲನೆಯ ದಿನ ಅಳಿಯಂದಿರು ಮೂವತ್ತು ಸುತ್ತು ಹಾಕಿದರು. ಅವರನ್ನು ನೋಡಿದರೆ ಹರಕೆ ಹೊತ್ತು ಪ್ರದಕ್ಷಿಣೆ ಮಾಡುವವರಂತೆ ಕಾಣುತ್ತಿದ್ದರೆಂದು ಮಗಳು ನಕ್ಕಳು.

ಜೂನೋವಿನಲ್ಲಿ ನಮ್ಮ ಕಾಲುಗಳಿಗೆ ಬಿಡುಗಡೆಯಾಯಿತು. ಊರಿನ ಬೆನ್ನಿಗೇ ರಾಬರ್ಟ್ಸ್ ಪರ್ವತವಿದೆ. ಬಂದರಿನ ಪಕ್ಕದಿಂದ ೧೮೦೦ ಅಡಿಗಳ ಎತ್ತರಕ್ಕೆ ತಂತಿಯ ಮೇಲೆ ತೂಗುಬಂಡಿಯೊಂದು ಹೋಗುವುದು. ಅದರಲ್ಲಿ ಕುಳಿತರೆ ಏಳೆಂಟು ನಿಮಿಷಗಳಲ್ಲಿ ಮೇಲಿರಬಹುದು. ಊರಿನ ಹಿಂಬದಿಯಿಂದ ಅದೇ ತಾಣಕ್ಕೆ ಎರಡು ಮೈಲಿಗೂ ಮಿಕ್ಕ ಕಾಲುಹಾದಿಯಿದೆ, ಅದಕ್ಕೆ ಕಾಸಿನ ಖರ್ಚಿಲ್ಲ. ನಾವೂ ಅಳಿಯಂದಿರೂ ಆ ಹಾದಿಯನ್ನು ಹಿಡಿದೆವು. ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳ ದಟ್ಟವಾದ ಅಡವಿ. ಬೇರು, ಬಂಡೆ, ಬಿದ್ದ ಮರ, ಎಲ್ಲದರ ಮೇಲೆಯೂ ಗೇಣುದ್ದದ ಪಾಚಿ. ಶೀತದೇಶವೆಂಬುದನ್ನು ಮರೆತರೆ ಆಗುಂಬೆಯ ಕಾಡಿನಲ್ಲಿಯೇ ನಡೆದಂತಾಗುತ್ತಿದ್ದಿತು. ಕರಡಿಗಳಿರುವ ಕಾಡಾದುದರಿಂದ ಗಟ್ಟಿಯಾಗಿ ಮಾತನಾಡುತ್ತ ನಡೆಯಬೇಕೆಂದು ಅಲ್ಲಿಯವರು ಹೇಳುವರು. ಈ ವಿಷಯದಲ್ಲಿ ನಮ್ಮ ಜನರಿಗೆ ವಿಶೇಷ ಶಿಕ್ಷಣವೇನೂ ಬೇಕಿಲ್ಲ. ಎರಡು ಗಂಟೆಗಳ ಕಾಲ ಏರಿ, ಬೆವರು ಸುರಿಸುತ್ತ ಮೇಲೆ ಬಂದೆವು. ಅಲ್ಲಿ ಒಂದು ಬೆಂಚಿನ ಮೇಲೆ, ಕೆಳಗೆ ಆಟಿಗೆಯಂತೆ ಕಾಣುವ ಹಡಗುಗಳನ್ನೂ ಕಾಲುವೆಯಾಚೆಯ ಹಿಮಶಿಖರಗಳನ್ನೂ ನೋಡುತ್ತ ನಮ್ಮ ಮನೆಯವರು ಕುಳಿತಿದ್ದರು. ಮಗಳೂ ಮೊಮ್ಮಗನೂ ಅವರನ್ನು ತೂಗುಬಂಡಿಯಲ್ಲಿ ಕರೆತಂದಿದ್ದರು.

"ಏನು, ಇಷ್ಟು ಹೊತ್ತು ಮಾಡಿದಿರಿ? ನಾವು ಬಂದು ಗಂಟೆಯಾಯಿತು" ಎಂದರು.

ಮದುವೆಯಾದಂದಿನಿಂದ ಬೆಟ್ಟದ ಬುಡದಲ್ಲಿ ಕಾದವರು ಅವರು. ಬೆಟ್ಟದ ತಲೆಯ ಮೇಲೆ ಕಾದುದು ಅದೇ ಮೊದಲು. ಅಂದು ಅವರ ಮುಖದಲ್ಲಿದ್ದ ಗೆಲವನ್ನು ನಾವು ಬಹುಕಾಲದಿಂದ ಕಂಡಿರಲಿಲ್ಲ. ಮೊಮ್ಮಗನಂತೂ, "ತಾತ, ಅಜ್ಜಿಯೇ ಫಸ್ಟು!" ಎಂದು ಸುತ್ತಲಿನವರಿಗೆಲ್ಲ ಸಾರಿದನು.

ಊರಿನಿಂದ ಹನ್ನೆರಡು ಮೈಲಿಗಳಾಚೆ ಮೆಂಡೆನ್‌ಹಾಲ್ ಹಿಮನದಿಯಿದೆ. ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಗಾಲಿಕುರ್ಚಿಯೂ ಸಾಗುವಂತಹ ಸಣ್ಣ ಹಾದಿಯಲ್ಲಿ ಎಲ್ಲರೂ ನಡೆದೆವು. ಈ ಹಿಮನದಿಯು ಹಿಂದೆ ಸರಿಯುತ್ತಿದೆ; ಅದರ ಮುಂದಿರುವ ದೊಡ್ಡ ಸರೋವರವು ಒಂದು ನೂರು ವರ್ಷಗಳ ಹಿಂದೆ ಇರಲೇ ಇಲ್ಲ. ಇಲ್ಲಿಯ ಜನಸಂದಣಿ ಮಾತ್ರ ನಮಗೆ ಸಹಿಸಲಿಲ್ಲ. ಒಂದು ದಿನಕ್ಕೆ ಐದು ದೊಡ್ಡ ಹಡಗುಗಳಿಗಿಂತ ಹೆಚ್ಚು ಬರಕೂಡದೆಂದು ೨೦೨೪ರಿಂದ ಜೂನೋದವರು ಕರಾರು ಮಾಡಿಕೊಂಡಿರುವರು. ಐದೇ ಸಾಕಷ್ಟು ಹೆಚ್ಚು.

ಸ್ಕ್ಯಾಗ್ವೇ ಎಂಬುದು ಸುಮಾರು ಒಂದು ಸಾವಿರ ಜನರಿರುವ ಹಳ್ಳಿ. ಹಡಗುಗಳು ಬಂದ ದಿನ ಅಲ್ಲಿ ಜಾತ್ರೆ. ೧೮೯೭ರಲ್ಲಿ ಕೆನಡಾದ ಕ್ಲಾಂಡೈಕ್ ಹೊಳೆಯ ಕಡೆ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದಾಗ ಸಾವಿರಾರು ಜನರು ಇಲ್ಲಿಂದಲೂ ನೆರೆಯ ಡಾಯೇ ಎಂಬಲ್ಲಿಂದಲೂ ಬೆಟ್ಟವನ್ನು ಹತ್ತಿದರು. ಒಂದು ವರ್ಷಕ್ಕೆ ಸಾಲುವ ಸಾಮಗ್ರಿಗಳಿಲ್ಲದವರನ್ನು ಕೆನಡಾದ ಪೋಲೀಸರು ಗಡಿಯೊಳಕ್ಕೆ ಬಿಡುತ್ತಿರಲಿಲ್ಲ. ಎಂದರೆ ಸುಮಾರು ಒಂದು ಟನ್ನಿನ ಹೊರೆ. ಅದನ್ನು ಪಾಲುಪಾಲಾಗಿ ಬೆನ್ನಿನ ಮೇಲೆ ಹೊತ್ತು, ಒಂದೇ ಕಣಿವೆಯನ್ನು ಮೂವತ್ತು ನಲವತ್ತು ಸಾರಿ ಹತ್ತಿಳಿದವರುಂಟು. ವಿನೋದಕ್ಕಾಗಿ ಬೆಟ್ಟ ಹತ್ತುವ ನಮ್ಮಂತಹವರು ಆ ಕಥೆಯನ್ನು ಕೇಳಿದ ಮೇಲೆ ನಮ್ಮ ಶೌರ್ಯದ ಮಾತನ್ನು ಸ್ವಲ್ಪ ಮೆಲ್ಲಗೆ ಆಡುವುದು ಮೇಲು. ಬಳಿಕ ೧೮೯೮ರಲ್ಲಿ ರೈಲುಹಾದಿಯ ಕೆಲಸ ಮೊದಲಾಗಿ ೧೯೦೦ರಲ್ಲಿ ಮುಗಿಯಿತು. ಇಪ್ಪತ್ತು ಮೈಲಿಗಳಲ್ಲಿ ಸುಮಾರು ಮೂರು ಸಾವಿರ ಅಡಿ ಏರುವ ಆ ಪುಟ್ಟ ರೈಲು ಇಂದಿಗೂ ಪ್ರವಾಸಿಗರಿಗಾಗಿ ಓಡುತ್ತಿದೆ.

ಮನೆಯವರೂ ಮಗಳೂ ಮೊಮ್ಮಗನೂ ಆ ರೈಲನ್ನು ಹತ್ತಿದರು. ನಾವೂ ಅಳಿಯಂದಿರೂ ಊರಿನ ಅಂಚಿನಿಂದಲೇ ಹೊರಡುವ ಡ್ಯೂಯಿ ಸರೋವರದ ಹಾದಿಯನ್ನು ಹಿಡಿದೆವು. ಕೆಳಗಣ ಸರೋವರಕ್ಕೆ ಒಂದು ಮೈಲಿಯೂ ಆಗದು. ಆದರೆ ಐನೂರು ಅಡಿಗಳ ಏರು ಗೋಡೆಯಂತಿದೆ. ಅಲ್ಲಿ ನಾವು ನಿಂತೆವು. ಮೇಲಣ ಸರೋವರವು ಮೂರು ಸಾವಿರ ಅಡಿಗೂ ಮೇಲಿರುವುದು. ಅಳಿಯಂದಿರು ಅದನ್ನೂ ನೋಡಿ ಸಂಜೆಗೆ ಕೆಸರು ಮೆತ್ತಿದ ಬೂಟುಗಳೊಡನೆ, ಹಬ್ಬದೂಟ ಉಂಡವರ ಸಂತೃಪ್ತಿಯೊಡನೆ ಇಳಿದು ಬಂದರು. ಊಟದ ಮೇಜಿನ ಬಳಿ ಮಾತಿಗೆ ಬರವಿರಲಿಲ್ಲ. ಚಿನ್ನದ ಆಸೆಯವರ ಸಾವಿರಾರು ಕುದುರೆಗಳು ಸತ್ತ ಕಣಿವೆಯನ್ನು ಮನೆಯವರು ರೈಲಿನಿಂದ ನೋಡಿದ್ದರು. "ಚಿನ್ನ ಬೇಕಾಗಿದ್ದುದು ಮನುಷ್ಯರಿಗೆ, ಸತ್ತವು ಕುದುರೆಗಳು" ಎಂದು ಎರಡು ಸಾರಿ ಹೇಳಿದರು.

ಐದನೆಯ ದಿನ ಹಿಮನದಿಗಳ ಕೊಲ್ಲಿ. ಕಾಲುಳ್ಳವರಿಗೆ ನಿಜವಾದ ಪರೀಕ್ಷೆ ಅಂದು. ಏತಕ್ಕೆಂದರೆ ಅಂದು ದೊಡ್ಡ ಹಡಗಿನವರು ಯಾರೂ ಎಲ್ಲಿಯೂ ಇಳಿಯುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೋಡುವುದೊಂದೇ ಕೆಲಸ. ಈ ಕೊಲ್ಲಿಯು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡು ದೊಡ್ಡ ಹಡಗುಗಳಿಗೆ ಮಾತ್ರವೇ ಪ್ರವೇಶ. ಬೆಳಗ್ಗೆ ಉದ್ಯಾನದ ಅಧಿಕಾರಿಗಳು ಸಣ್ಣ ದೋಣಿಯಲ್ಲಿ ಬಂದು ನಮ್ಮ ಹಡಗನ್ನು ಹತ್ತಿ, ದಿನವೆಲ್ಲ ಆ ಸ್ಥಳದ ಚರಿತ್ರೆಯನ್ನು ಹೇಳುತ್ತಿದ್ದರು. ೧೭೯೪ರಲ್ಲಿ ಜಾರ್ಜ್ ವ್ಯಾಂಕೂವರನ ಪಡೆಯವರು ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲವೆನ್ನಬಹುದು; ಬಾಯಿಯಲ್ಲಿಯೇ ಹಿಮದ ಗೋಡೆ ನಿಂತಿದ್ದಿತು. ೧೮೭೯ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿಶಾಸ್ತ್ರಜ್ಞನು ದೋಣಿಯಲ್ಲಿ ಬಂದಾಗ ಆ ಗೋಡೆಯು ನಲವತ್ತು ಮೈಲಿಗಳಿಗೂ ಹೆಚ್ಚು ಹಿಂದೆ ಸರಿದಿದ್ದಿತು. ಈಗ ಕೊಲ್ಲಿಯ ಉದ್ದ ಸುಮಾರು ೬೫ ಮೈಲಿಗಳು. ಅದಕ್ಕೂ ಮೊದಲು ಹಿಮವು ಮುನ್ನುಗ್ಗಿ ಬಂದಾಗ ಇಲ್ಲಿ ಊರು ಕಟ್ಟಿಕೊಂಡಿದ್ದ ಟ್ಲಿಂಗಿಟ್ ಜನರು ಮನೆಮಠಗಳನ್ನು ಬಿಟ್ಟು ಹೋಗಬೇಕಾಯಿತು. ಅವರ ಸಂತತಿಯವರು ಇಂದಿಗೂ ಇದನ್ನು ತಮ್ಮ ಮೂಲಸ್ಥಾನವೆಂದೇ ಎಣಿಸುವರು.

ಕೊಲ್ಲಿಯ ತುದಿಯಲ್ಲಿ ಮಾರ್ಜರೀ ಎಂಬ ಹಿಮನದಿಯ ಮುಂದೆ ಹಡಗು ಯಂತ್ರದ ಸದ್ದನ್ನು ತಗ್ಗಿಸಿ ನಿಂತಿತು. ಒಂದು ಮೈಲಿಯಗಲದ ಹಿಮದ ಕೋಟೆ. ಬಿಳಿಯದೆಂದುಕೊಂಡಿದ್ದೆವು, ಬಿರುಕುಗಳೊಳಗೆಲ್ಲ ಮೈಲುತುತ್ತದ ನೀಲಿ. ಒತ್ತಿ ಗಟ್ಟಿಯಾದ ಹಿಮವು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಉಳಿಸಿಕೊಡುವುದಂತೆ. ಎರಡು ಸಾವಿರ ಜನರಿದ್ದರೂ ಡೆಕ್ಕಿನ ಮೇಲೆ ದೇವಸ್ಥಾನದ ಗರ್ಭಗುಡಿಯ ಮುಂದಿನಂತಹ ಮೌನ. ಮನೆಯವರು ಶಾಲನ್ನು ಹೊದ್ದು, ಕುರ್ಚಿಯನ್ನು ಕಂಬಿಯ ಪಕ್ಕಕ್ಕೆ ಎಳೆಸಿಕೊಂಡು ಕುಳಿತವರು ಏಳಲಿಲ್ಲ. ಅಳಿಯಂದಿರು ಅರ್ಧಗಂಟೆ ನಿಂತರು. ಆಮೇಲೆ ಕಾಲು ತಡೆಯದೆ, ಇನ್ನೊಂದು ಪಕ್ಕದಿಂದ ಹೇಗೆ ಕಾಣುವುದೋ ನೋಡುವೆನೆಂದು ಹೊರಟುಹೋದರು. ಅವರು ಹೋದ ಎರಡು ನಿಮಿಷಗಳಲ್ಲಿ ಕೋಟೆಯ ಒಂದು ಕೊತ್ತಳವು ಸದ್ದಿಲ್ಲದೆ ವಾಲಿತು. ನೀರಿಗೆ ಬಿದ್ದಿತು. ಅನಂತರ ಗುಡುಗು ಬಂದಿತು. ಟ್ಲಿಂಗಿಟ್ ಜನರು ಇದನ್ನು ಬಿಳಿಯ ಗುಡುಗೆಂದು ಕರೆಯುವರಂತೆ. ಕಡಲಹಕ್ಕಿಗಳು ಹಿಂಡಾಗಿ ಎದ್ದುವು. ಸದ್ದನ್ನು ಕೇಳಿ ಅಳಿಯಂದಿರು ಓಡಿ ಬರುವಷ್ಟರಲ್ಲಿ ಅಲೆಗಳು ಮಾತ್ರ ಉಳಿದಿದ್ದುವು. ಅವರು ಹೋಗಬೇಕಾದ ಅವಶ್ಯಕತೆಯೂ ಇರಲಿಲ್ಲ. ಎರಡು ಪಕ್ಕದವರಿಗೂ ಕಾಣಲೆಂದು ಹಡಗೇ ನಿಧಾನವಾಗಿ ಸುತ್ತು ತಿರುಗುವುದು. ಆಮೇಲೆ ಅವರು ಅತ್ತೆಯವರ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತುಬಿಟ್ಟರು. ಬಿದ್ದುದು ಎಷ್ಟು ದೊಡ್ಡದು, ಯಾವ ಕಡೆ ವಾಲಿತು, ನೀರು ಎಷ್ಟೆತ್ತರ ಹಾರಿತು ಎಂದು ಅವರು ಕೇಳುವುದು, ಮನೆಯವರು ಬಿಡಿಸಿ ಬಿಡಿಸಿ ಹೇಳುವುದು, ಹೀಗೆ ಒಂದು ಗಂಟೆ ಕಳೆಯಿತು. ನಾವು ಮಾತನಾಡಲಿಲ್ಲ.

ಕೆಚಿಕಾನಿನ ವಿಷಯವಾಗಿ ಹೆಚ್ಚಾಗಿ ಬರೆಯಲಾರೆವು. ಏಳು ಗಂಟೆಗಳ ಕಾಲವೂ ಮಳೆ. ವರ್ಷಕ್ಕೆ ಸುಮಾರು ೧೫೦ ಅಂಗುಲ ಮಳೆ ಬೀಳುವ ಊರಂತೆ. ಆಗುಂಬೆಯ ಅರ್ಧದಷ್ಟೇ ಎಂದು ನಾವು ಹೇಳಿದುದನ್ನು ಅಲ್ಲಿಯ ಅಂಗಡಿಯವನು ನಂಬಲಿಲ್ಲ. ಊರ ನಡುವಣ ಹಳ್ಳದಲ್ಲಿ ಸಾಮನ್ ಮೀನುಗಳು ಪ್ರವಾಹಕ್ಕೆದುರಾಗಿ ನೆಗೆಯುತ್ತಿದ್ದುವು. ಮೊಮ್ಮಗನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ನಮ್ಮ ಅಭಿಪ್ರಾಯವನ್ನು ಕೇಳುವವರಿಗೆ ಸಂಕೋಚವಿಲ್ಲದೆ ಹೇಳುವೆವು. ಗಟ್ಟಿಕಾಲಿನ ಇಬ್ಬರು ಗೆಳೆಯರು ಮಾತ್ರ ಹೊರಡುವುದಾದರೆ ದೊಡ್ಡ ಹಡಗನ್ನು ಹತ್ತುವುದು ಬೇಡ. ೧೬೮ರಲ್ಲಿ ೨೯ ಗಂಟೆಗಳು ಅವರಿಗೆ ಸಾಲವು. ಅಲಾಸ್ಕದ ಸರಕಾರವು ೧೯೬೩ರಿಂದ ಇದೇ ಒಳಹಾದಿಯಲ್ಲಿ ಜನರಿಗಾಗಿ ಹಡಗುಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಊರಿಂದೂರಿಗೆ ಹೋಗಿ, ಒಂದೊಂದರಲ್ಲಿ ಮೂರು ನಾಲ್ಕು ದಿನ ತಂಗಿ ಮನಸಾರೆ ನಡೆಯಬಹುದು. ಡೆಕ್ಕಿನ ಮೇಲೆ ಪುಟ್ಟ ಗುಡಾರವನ್ನು ಹಾಕಿಕೊಂಡು ಮಲಗುವ ತರುಣರೂ ಉಂಟು. ವಾರಕ್ಕೆ ಕೆಲವೇ ಹಡಗುಗಳಾದುದರಿಂದ ವೇಳಾಪಟ್ಟಿಯನ್ನು ಮೊದಲು ನೋಡಿ ಆಮೇಲೆ ರಜೆ ಕೇಳತಕ್ಕದ್ದು. ಪ್ರಯಾಣಿಕರನ್ನು ಕಾಡಿನ ದಡಗಳಲ್ಲಿಳಿಸಿ ನಡೆಸುವ ಸಣ್ಣ ಹಡಗುಗಳೂ ಇವೆ. ಅವುಗಳ ದರವನ್ನು ಕೇಳಿ ನಾವು ಸುಮ್ಮನಾದೆವು. ಆದರೆ ಒಂದೇ ಮನೆಯಲ್ಲಿ ಏರುವ ಕಾಲೂ ನೋಯುವ ಕಾಲೂ ಕೂಡಿದ್ದರೆ, ಬೆಳಗ್ಗೆ ಬೇರೆ ಬೇರೆ ದಾರಿ ಹಿಡಿದು ರಾತ್ರಿ ಒಂದೇ ಮೇಜಿನ ಮುಂದೆ ಸೇರಲು ಈ ದೊಡ್ಡ ಹಡಗಿನಷ್ಟು ಅನುಕೂಲವಾದುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಹೊರಡುವವರು ಹಡಗಿನ ಥಳಕನ್ನು ನೋಡದೆ ಬಂದರುಗಳಲ್ಲಿ ಅದು ನಿಲ್ಲುವ ಗಂಟೆಗಳನ್ನೂ, ಹಿಮನದಿಗಳ ಕೊಲ್ಲಿಗೆ ಅದಕ್ಕೆ ಪ್ರವೇಶವಿದೆಯೆ ಎಂಬುದನ್ನೂ ನೋಡಿ ಆರಿಸಲಿ. ಬಂದರಿನ ಬಾಗಿಲಿನಿಂದಲೇ ಹೊರಡುವ ಕಾಲುಹಾದಿಗಳಿಗೆ ಹಡಗಿನವರಿಗೆ ಹಣ ತೆತ್ತು ಹೋಗಬೇಕಾದುದಿಲ್ಲ. ದೂರದ ಸ್ಥಳಗಳಿಗಾದರೆ ಅವರ ಏರ್ಪಾಟೇ ಕ್ಷೇಮ. ತಡವಾದರೆ ತಮ್ಮವರಿಗಾಗಿ ಹಡಗು ಕಾಯುವುದು, ಸ್ವಂತವಾಗಿ ಹೋದವರಿಗಾಗಿ ಕಾಯದು. ಸಸ್ಯಾಹಾರಿಗಳು ಹಿಂದಿನ ರಾತ್ರಿಯೇ ಹೇಳಿದರೆ ಅನ್ನ, ಬೇಳೆ, ಪಲ್ಯಗಳಿಗೆ ಕೊರತೆಯಿಲ್ಲ. ಚಟ್ನಿಪುಡಿ ಮಾತ್ರ ಮನೆಯಿಂದ ಬರಬೇಕು. ಸಿಯಾಟಲಿನಿಂದ ಹೊರಡುವ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಗಡೆಯ ತೆರೆದ ಕಡಲಿನಲ್ಲಿ ಸಾಗುವುವು, ಒಳಹಾದಿಯ ಸೊಬಗು ಅಷ್ಟು ತಪ್ಪುವುದು. ಇದಲ್ಲದೆ ೧೮೮೬ರ ಒಂದು ಅಮೆರಿಕದ ಕಾನೂನಿನಿಂದಾಗಿ ಪರದೇಶದ ಬಾವುಟದ ಹಡಗುಗಳು ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕು. ಅದಕ್ಕಾಗಿ ಅವು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯದಲ್ಲಿ ಒಂದು ಸಂಜೆ ನಿಲ್ಲುವುವು. ಹೀಗೆ ಎಲ್ಲಿಂದ ಹೊರಟರೂ ನಮ್ಮ ದೇಶದ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ಕೆನಡಾದ ವೀಸಾ ಬೇಕಾಗುವುದು; ಟಿಕೀಟು ಕೊಳ್ಳುವುದಕ್ಕೆ ಮುಂಚೆಯೇ ಅದನ್ನು ವಿಚಾರಿಸತಕ್ಕದ್ದು.