ಮಕ್ಕಳೊಡನೆ ಸಂತೆಗೆ

ಸಂತೆಯೆಂದರೆ ಕೊಡುವ ಕೊಳ್ಳುವ ಸ್ಥಳವೆಂದಷ್ಟೇ ತಿಳಿಯುವುದು ಅದನ್ನು ಅರ್ಧ ತಿಳಿದಂತೆ. ಬೆಳೆದವನೂ ಉಣ್ಣುವವನೂ ಮುಖಾಮುಖಿಯಾಗಿ ನಿಲ್ಲುವ ಎಡೆಗಳು ಇಂದು ವಿರಳವಾಗುತ್ತಿವೆ. ವಾರಕ್ಕೊಮ್ಮೆ ಬಯಲಿನಲ್ಲಿ ನೆರೆಯುವ ಸಂತೆ ಅಂಥದೊಂದು ಎಡೆ. ನಮ್ಮ ಬೀದರ ಸೀಮೆಯಲ್ಲಿ ಮಕ್ಕಳನ್ನು ಜಾತ್ರೆಗೆ ಕರೆದೊಯ್ಯುವ ರೂಢಿ ಇನ್ನೂ ಉಳಿದಿದೆ. ಸಂತೆಗೆ ಕರೆದೊಯ್ಯುವ ರೂಢಿ ಮಾತ್ರ ಕ್ಷೀಣಿಸುತ್ತಿದೆ. ಇದರಿಂದಾಗುವ ನಷ್ಟವೇನೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಕಳೆದ ಎಳ್ಳಮಾವಾಸ್ಯೆಯ ಹಿಂದಿನ ವಾರ ನಮ್ಮ ತಮ್ಮನ ಮೊಮ್ಮಕ್ಕಳು ಮೂವರು ಪುಣೆಯಿಂದ ಬಂದಿದ್ದರು. ಹಿರಿಯವಳಿಗೆ 12, ನಡುವಿನವನಿಗೆ 9, ಕಿರಿಯವನಿಗೆ 6 ವರ್ಷ. ತಂದೆತಾಯಿಗಳೊಡನೆ ಥಾಯ್ಲೆಂಡ್ ನೋಡಿ ಬಂದಿದ್ದ ಅವರು ಬ್ಯಾಂಕಾಕಿನ ಚತುಚಕ್ ಸಂತೆಯನ್ನು ಬಾಯ್ತುಂಬ ವರ್ಣಿಸಿದರು. ವಾರದ ಕೊನೆಯಲ್ಲಿ ನೆರೆಯುವ ಆ ಸಂತೆಯಲ್ಲಿ ಸುಮಾರು 15,000 ಅಂಗಡಿಗಳಂತೆ. "ನಮ್ಮ ಕಡೆ ಅಂಥದ್ದು ಇಲ್ಲೇನು ಅಜ್ಜಾ?" ಎಂದು ಕಿರಿಯವನು ಕೇಳಿದ. ಅಂಥದ್ದು ಇಲ್ಲ, ನಮ್ಮದು ಬೇರೆಯದು ಉಂಟು ಎಂದು ಹೇಳಿ ಸಂತೆಯ ದಿನ ಅವರನ್ನು ಭಾಲ್ಕಿಗೆ ಕರೆದುಕೊಂಡು ಹೋದೆವು.

ಎಳ್ಳಮಾವಾಸ್ಯೆಯ ಮುಂಚಿನ ಸಂತೆಗೆ ಬೇರೆಯೇ ಕಳೆ. ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಗೆ ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ, ಉಳ್ಳಾಗಡ್ಡೆಯ ಎಲೆ ಎಲ್ಲವೂ ಬೇಕು. ಅವೆಲ್ಲ ಗೋಣಿಯ ತಟ್ಟಿನ ಮೇಲೆ ರಾಶಿಯಾಗಿ ಬಿದ್ದಿದ್ದವು. ನೆರೆಯ ಲಾತೂರ ಸೀಮೆಯ ಮರಾಠಿ ಜನರೂ ಇದೇ ಹಬ್ಬವನ್ನು 'ವೇಳ ಅಮಾವಾಸ್ಯೆ'ಯೆಂದು ಆಚರಿಸುತ್ತಾರೆ. ಸಂತೆಯ ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕಿವಿಗೆ ಬಿದ್ದಾಗ ಹಿರಿಯವಳು ಬೆರಗಾದಳು. ನಿಜಾಮರ ಆಳ್ವಿಕೆಯಲ್ಲಿ ಇದೇ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಆಗ ಮಕ್ಕಳಿಗೆ ಹೇಳಿದೆವು. ಅಕ್ಷರವನ್ನು ಮಠ ಕಾಪಾಡುತ್ತಿದ್ದ ಆ ಕಾಲದಲ್ಲಿ ಮಾತನ್ನು ಕಾಪಾಡಿದವರಲ್ಲಿ ಈ ಸಂತೆಯ ಜನರೂ ಸೇರುತ್ತಾರೆ.

ಸೊಪ್ಪು ಮಾರುವ ವೃದ್ಧೆಯೊಬ್ಬಳ ಮುಂದೆ ನಡುವಿನವನು ಕುಕ್ಕರುಗಾಲಿನಲ್ಲಿ ಕುಳಿತ. ಮೆಂತೆಯ ಸಿವುಡಿಗೆ ಆಕೆ 20 ರೂಪಾಯಿ ಹೇಳಿದಳು. ಇವನು ಚತುಚಕ್‌ನಲ್ಲಿ ಕಲಿತ ಚಾತುರ್ಯದಿಂದ 10 ಎಂದ. ಆಕೆ ಸಿಟ್ಟಾಗಲಿಲ್ಲ. "ನಸುಕಿನ್ಯಾಗ ಎದ್ದು ಕಿತ್ತೀನಿ ಮಗಾ, ಬೆರಳು ಸೆಟದು ಹೋಗ್ತಾವ. ಹತ್ತಕ್ಕ ಕೊಟ್ರ ಟಂಟಂದವನ ಬಾಡಿಗಿ ಯಾರು ಕೊಡಬೇಕು?" ಎಂದಳು. ಹುಡುಗ ಆಕೆಯ ಬೆರಳುಗಳನ್ನೇ ನೋಡುತ್ತ ಸುಮ್ಮನಾಗಿ 20 ರೂಪಾಯಿ ಕೊಟ್ಟ. ಹಣ ಸೆರಗಿಗೆ ಕಟ್ಟಿಕೊಂಡ ಮೇಲೆ ಆಕೆ ಒಂದು ಹಿಡಿ ಕೋತಂಬ್ರಿಯನ್ನು ತಾನಾಗಿಯೇ ಚೀಲಕ್ಕೆ ಹಾಕಿದಳು.

"ಬೆಲೆ ಇಳಿಸಲಿಲ್ಲ, ಪುಕ್ಕಟೆ ಯಾಕ ಕೊಟ್ಟಳು ಅಜ್ಜಾ?" ಎಂಬುದು ಅವನ ಪ್ರಶ್ನೆ. ಇದು ಕೊಸರು. ಬೆಲೆಯನ್ನು ಇಳಿಸೆಂದು ನಾವು ಹಟ ಹಿಡಿದರೆ ಆಕೆಯ ದುಡಿಮೆಯನ್ನು ಅಗ್ಗವೆಂದು ಹೇಳಿದಂತೆ. ಬೆಲೆ ಸಂದ ಮೇಲೆ ಆಕೆ ಕೊಡುವ ಕೊಸರು ಆಕೆಯ ಔದಾರ್ಯ. ಮಾರಲು ಬಂದವಳು ಕೊಸರು ಹಾಕುವ ಆ ಒಂದು ಕ್ಷಣದಲ್ಲಿ ದಾನಿಯಾಗುತ್ತಾಳೆ, ಕೊಳ್ಳಲು ಹೋದ ನಾವು ಕೈಯೊಡ್ಡುವವರಾಗುತ್ತೇವೆ. ಮಕ್ಕಳಿಗೆ ಹೀಗೆಯೇ ವಿವರಿಸಿದೆವು. ಅವರಿಗೆ ಎಷ್ಟು ತಿಳಿಯಿತೋ ಕಾಣೆವು; ಹುಡುಗ ಮಾತ್ರ ಹಿಂದಿರುಗಿ ಆಕೆಗೆ ಕೈಮುಗಿದು ಬಂದ.

ಅದೇ ವಾರ ಔರಾದಿಗೂ ಹೋದೆವು. ಅಲ್ಲಿ ಮಕ್ಕಳ ಕಣ್ಣು ನೆಟ್ಟದ್ದು ದೇವಣಿ ತಳಿಯ ದನಗಳ ಮೇಲೆ. ಬಿಳಿಯ ಮೈ, ಕಪ್ಪು ಮಚ್ಚೆ, ಜೋಲುವ ಕಿವಿ. ಈ ತಳಿಗೆ ಹೆಸರು ಕೊಟ್ಟ ದೇವಣಿ ಊರಿರುವ ಉದಗೀರ ಸೀಮೆ 1956ರವರೆಗೆ ಬೀದರ ಜಿಲ್ಲೆಗೇ ಸೇರಿತ್ತು; ಈಗದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. ಗಡಿ ಬಂದರೂ ಎತ್ತುಗಳ ಓಡಾಟ ನಿಲ್ಲಲಿಲ್ಲ.

ಅಲ್ಲಿ ದಲಾಲನೊಬ್ಬ ರೈತನ ಕೈಯನ್ನು ವಸ್ತ್ರದ ಮರೆಯಲ್ಲಿ ಹಿಡಿದು ಬೆರಳ ಸಂಜ್ಞೆಯಿಂದ ಬೆಲೆ ಕೇಳುತ್ತಿದ್ದ. ಇದೇಕೆ ಗುಟ್ಟು ಎಂದು ಹಿರಿಯವಳು ಕೇಳಿದಾಗ ಪಕ್ಕದಲ್ಲಿದ್ದ ಮುದುಕರು, "ಅಡಚಣಿ ಬಂದು ಮಾರ್ತಾನವ್ವಾ, ಎಷ್ಟಕ್ಕ ಸೋತ ಅಂತ ಹತ್ತು ಮಂದಿಗಿ ಗೊತ್ತಾಗಬಾರ್ದು" ಎಂದರು. ವ್ಯವಹಾರ ಮುಗಿದ ಮೇಲೆ ಆ ರೈತ ಎತ್ತಿನ ಹಣೆ ಸವರಿ, ಕೊರಳ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹಿಂದೆ ನೋಡದೆ ನಡೆದ. ಕಿರಿಯವನು ನಮ್ಮ ಧೋತರದ ಅಂಚು ಹಿಡಿದುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ. ಪುಸ್ತಕದಲ್ಲಿ ಒಕ್ಕಲುತನದ ಪಾಠ ಉಂಟು. ಒಕ್ಕಲಿಗನ ಮುಖ ಕಾಣುವುದು ಇಲ್ಲಿ.

ಮರಳಿ ಬೀದರ ನಗರಕ್ಕೆ ಬಂದು ಬಿದ್ರಿ ಕೆಲಸದ ಅಂಗಡಿಯೊಂದನ್ನು ತೋರಿಸಿದೆವು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಪುಟ್ಟ ಡಬ್ಬಿಯೊಂದರ ಬೆಲೆ ಕೇಳಿದ ನಡುವಿನವನು ಈ ಸಲ ಚೌಕಾಸಿ ಮಾಡಲಿಲ್ಲ, "ಇದಕ್ಕ ಎಷ್ಟು ದಿನ ಹಿಡೀತದ?" ಎಂದು ಕೇಳಿದ. ಬೆಲೆಗಿಂತ ಮೊದಲು ದುಡಿಮೆಯನ್ನು ಕೇಳುವುದು ಕಾಯಕವನ್ನು ಅರಿಯುವ ಮೊದಲ ಮೆಟ್ಟಿಲು.

ಸಿದ್ಧವಸ್ತುಗಳ ದೊಡ್ಡ ಮಳಿಗೆಗಳಲ್ಲಿ ಅಚ್ಚಾದ ಬೆಲೆಯನ್ನು ನಾವು ತುಟಿಪಿಟಕ್ಕೆನ್ನದೆ ತೆರುತ್ತೇವೆ. ನೆಲದ ಮೇಲೆ ಕುಳಿತವರೊಡನೆ ಮಾತ್ರ ಐದು ರೂಪಾಯಿಗೆ ವಾದಿಸುತ್ತೇವೆ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ; ಯಾರಿಗೆ ಗೌರವ ಕೊಡಬೇಕು, ಯಾರನ್ನು ಜಗ್ಗಬಹುದು ಎಂಬುದನ್ನು ಅಲ್ಲಿಂದಲೇ ಕಲಿಯುತ್ತಾರೆ. ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ತಿಂಗಳಿಗೊಮ್ಮೆಯಾದರೂ ಮಕ್ಕಳ ಕೈಗೆ ಒಂದು ಚೀಲ, ನೂರು ರೂಪಾಯಿ ಕೊಟ್ಟು ಸಂತೆಗೆ ಕರೆದೊಯ್ಯಿರಿ. ತಾಯ್ನುಡಿಯಲ್ಲಿ ಅವರೇ ಕೇಳಲಿ, ಅವರೇ ಆರಿಸಲಿ, ಲೆಕ್ಕವನ್ನೂ ಅವರೇ ಮಾಡಲಿ. ಮಾರುವವರನ್ನು ಅಜ್ಜಿ, ಕಾಕಾ, ಅವ್ವ ಎಂದು ಕರೆಯುವುದನ್ನು ಕಲಿಸಿರಿ. ಕೊಸರು ಬಂದರೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳಲು ಹೇಳಿರಿ.